ಹಳೆಯ ಬಂದರು ಮಂಗಳೂರು: ನೋಡಬೇಕಾದ ತಾಣಗಳು, ತಿಳಿಯಬೇಕಾದ ಚರಿತ್ರೆ

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ನಮಗೆ ನೀರೆಂದರೆ ಕಾವೇರಿ, ಸುವರ್ಣಾವತಿ ಮತ್ತು ಊರ ಕೆರೆ. ಕಡಲು ದೂರ. ಆದರೂ ಮಂಗಳೂರಿನೊಡನೆ ನಮಗೊಂದು ಹಳೆಯ ನಂಟಿದೆ. ಯಳಂದೂರು ಮೈಸೂರು ಸಂಸ್ಥಾನದಲ್ಲಿದ್ದರೆ, ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕೂ ದಕ್ಷಿಣ ಕನ್ನಡದ ಮಂಗಳೂರೂ ಮದರಾಸಿನ ಆಡಳಿತದಲ್ಲಿದ್ದವು. 1956ರ ನವೆಂಬರ್ 1ರಂದು ಎರಡೂ ಒಟ್ಟಿಗೆ ಕನ್ನಡ ರಾಜ್ಯಕ್ಕೆ ಬಂದವು.

ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲು ಸೇರುವೆಡೆ ಮಂಗಳೂರಿನ ಹಳೆಯ ಬಂದರಿದೆ. ಅರಬ್ ನಾಡುಗಳ ವರ್ತಕರು ಶತಮಾನಗಳ ಹಿಂದೆಯೇ ಇಲ್ಲಿಗೆ ಬರುತ್ತಿದ್ದರು. ಬಂದರು ಪ್ರದೇಶದ ಝೀನತ್ ಭಕ್ಷ್ ಮಸೀದಿ ಆ ಸಂಪರ್ಕದ ಗುರುತು. ಕದ್ರಿ ದೇವಾಲಯದ ಲೋಕೇಶ್ವರ ಕಂಚಿನ ವಿಗ್ರಹದ ಪೀಠದಲ್ಲಿ ಆಳುಪ ದೊರೆ ಕುಂದವರ್ಮನ ಕ್ರಿ.ಶ. 968ರ ಶಾಸನವಿದೆ. ಬೋಳೂರಿನ ಸುಲ್ತಾನ್ ಬತ್ತೇರಿಯನ್ನು ಟಿಪ್ಪು ಸುಲ್ತಾನ್ ಕಟ್ಟಿಸಿದ್ದು ಶತ್ರು ಹಡಗುಗಳು ನದಿಯೊಳಗೆ ನುಗ್ಗದಂತೆ ತಡೆಯಲು. ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್‌ನ ಗೋಡೆ, ಮಾಡುಗಳ ತುಂಬ ಇಟಲಿಯ ಮೊಸ್ಕೇನಿ ಬರೆದ ಚಿತ್ರಗಳಿವೆ.

ಇವೆಲ್ಲ ಕಣ್ಣಿಗೆ ಕಾಣುವ ತಾಣಗಳು. ಆದರೆ ಬಂದರಿನ ದೊಡ್ಡ ಕೊಡುಗೆಗಳು ನಮ್ಮ ಮನೆಗಳವರೆಗೂ ಬಂದಿವೆ. ಕಡಲು ದಾಟಿ ಬಂದ ಬಾಸೆಲ್ ಮಿಷನ್‌ನವರು ಇಲ್ಲಿ ಮುದ್ರಣಾಲಯ ತೆರೆದರು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಹೊರಬಂತು. ಕಿಟ್ಟೆಲ್ ಅವರ ನಿಘಂಟು 1894ರಲ್ಲಿ ಇಲ್ಲಿಯೇ ಅಚ್ಚಾಯಿತು. 1865ರಲ್ಲಿ ಅವರು ಹೆಂಚಿನ ಕಾರ್ಖಾನೆ ಆರಂಭಿಸಿದರು. ನದಿ ದಂಡೆಯ ಜೇಡಿಮಣ್ಣು, ಸುಡಲು ಸೌದೆ, ಸಾಗಿಸಲು ದೋಣಿ ಮತ್ತು ಹಡಗು, ಎಲ್ಲವೂ ಹತ್ತಿರದಲ್ಲೇ ಇದ್ದವು. ಭಾರವಾದ ಹೆಂಚು ಅಗ್ಗವಾಗಿ ದೂರದೂರಿಗೆ ತಲುಪಿದ್ದು ಈ ನೀರಿನ ದಾರಿಯಿಂದ. ಮುಂದೆ ಬೇರೆಡೆಯೂ ಅದೇ ಮಾದರಿಯ ಹೆಂಚು ತಯಾರಾದರೂ, ಜನರ ಬಾಯಲ್ಲಿ ಅದು 'ಮಂಗಳೂರು ಹೆಂಚು' ಎಂದೇ ಉಳಿಯಿತು.

1975ರಲ್ಲಿ ಪಣಂಬೂರಿನ ನವಮಂಗಳೂರು ಬಂದರು ಕಾರ್ಯಾರಂಭ ಮಾಡಿತು. ದೊಡ್ಡ ಹಡಗುಗಳು ಈಗ ಅಲ್ಲಿಗೆ ಬರುತ್ತವೆ. ಹಳೆಯ ದಕ್ಕೆಯಲ್ಲಿ ಮೀನುಗಾರಿಕೆ ದೋಣಿಗಳ ಸಂತೆ.

ನಮ್ಮ ಶಾಲೆಯ ಮಕ್ಕಳು ಮಂಗಳೂರಿಗೆ ಪ್ರವಾಸ ಹೊರಟರೆ, ಕಡಲತೀರದಲ್ಲಿ ಆಡಿ ಬರುವುದರ ಜೊತೆಗೆ ಈ ಹಳೆಯ ದಕ್ಕೆಯನ್ನೂ ನೋಡಲಿ. ಹೊರಡುವ ಮುನ್ನ ಇನ್ನೊಂದು ಕೆಲಸ ಮಾಡಲಿ. ನಮ್ಮ ಹಳ್ಳಿಗಳ ಹೆಂಚಿನ ಮನೆಗಳು ಒಂದೊಂದಾಗಿ ತಾರಸಿಯಾಗುತ್ತಿವೆ. ಇಳಿಸಿದ ಹೆಂಚಿನ ಮೇಲೆ ಕಾರ್ಖಾನೆಯ ಹೆಸರು ಒತ್ತಿರುತ್ತದೆ. ಹೆಂಚು ಪುಡಿಯಾಗುವ ಮೊದಲು ಆ ಹೆಸರನ್ನು ಬರೆದಿಟ್ಟುಕೊಂಡು, ಒಂದೊಂದನ್ನು ಶಾಲೆಯಲ್ಲಿ ಕಾಪಾಡಲಿ. ನಮ್ಮೂರು ಯಾವ ಯಾವ ಊರುಗಳೊಡನೆ ವ್ಯವಹಾರ ಇಟ್ಟುಕೊಂಡಿತ್ತು ಎಂಬುದಕ್ಕೆ ಅವೇ ಸಾಕ್ಷಿ.