ಬೀದಿಗೆ ಬಂದ ತಂತಿ ಮನೆಗೆ ಏಕೆ ಬರಲಿಲ್ಲ?



ಪಕ್ಕದ ಕಟ್ಟಡಕ್ಕೆ ಫೈಬರ್ ಇಂಟರ್‌ನೆಟ್ ಬಂದಿದೆ, ಎದುರಿನದಕ್ಕೂ ಬಂದಿದೆ. ನೀವು ಕೇಳಿದರೆ ಮಾತ್ರ "ನಿಮ್ಮ ವಿಳಾಸಕ್ಕೆ ಸೌಲಭ್ಯ ಇಲ್ಲ" ಎಂಬ ಉತ್ತರ. ಮುಂಬೈಯ ಚಾಳಿನಲ್ಲಿರಲಿ, ದೆಹಲಿಯ ಗಲ್ಲಿಯಲ್ಲಿರಲಿ, ಈ ಮಾತು ಕೇಳಿ ಬೇಸರಪಟ್ಟವರು ನಮ್ಮಲ್ಲಿ ಬಹಳ ಮಂದಿ. ಇದರ ಕಾರಣ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಿಬರೋಣ, ಬನ್ನಿ.

1882ರ ಜನವರಿಯಲ್ಲಿ ಕಲ್ಕತ್ತಾ, ಬೊಂಬಾಯಿ, ಮದರಾಸುಗಳಲ್ಲಿ ಟೆಲಿಫೋನ್ ಎಕ್ಸ್‌ಚೇಂಜುಗಳು ಆರಂಭವಾದವು. ಕಲ್ಕತ್ತಾದಲ್ಲಿ ಮೊದಲು ಇದ್ದ ಚಂದಾದಾರರು ಕೇವಲ 93. 1885ರ ಟೆಲಿಗ್ರಾಫ್ ಕಾಯ್ದೆ ಬಂದ ಮೇಲೆ ಇತರರ ಜಾಗದ ಮೇಲೂ ತಂತಿ ಎಳೆಯುವ ಅಧಿಕಾರ ಸರಕಾರಕ್ಕೆ ಸಿಕ್ಕಿತು. ಹೀಗೆ ಅಧಿಕಾರವೇನೋ ಇತ್ತು, ಸಾಕಾಗುವಷ್ಟು ಲೈನುಗಳೇ ಇರಲಿಲ್ಲ! ಸ್ವಾತಂತ್ರ್ಯದ ನಂತರವೂ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬೇಕಿತ್ತು. ಊರಿಗೆ ಟ್ರಂಕ್ ಕಾಲ್ ಬುಕ್ ಮಾಡಿ ಪಕ್ಕದ ಮನೆಯಲ್ಲಿ ಕೂತು ಕಾದದ್ದು ಹಿರಿಯರಿಗೆ ನೆನಪಿರಬಹುದು. ಕೇಳಿದವರಿಗೆಲ್ಲ ಫೋನ್ ಕೊಡುವ ಗುರಿಯನ್ನು ಸರಕಾರ ಹಾಕಿಕೊಂಡದ್ದು 1994ರ ದೂರಸಂಪರ್ಕ ನೀತಿಯಲ್ಲಿ.

2004ರಲ್ಲಿ ಬ್ರಾಡ್‌ಬ್ಯಾಂಡ್ ನೀತಿ ಬಂತು. ಸೆಕೆಂಡಿಗೆ 256 ಕಿಲೋಬಿಟ್ ವೇಗವಿದ್ದರೆ ಅದೇ ಬ್ರಾಡ್‌ಬ್ಯಾಂಡ್! ಹೆಚ್ಚಿನ ಕಡೆ ಅದು ಬಂದದ್ದು ಹಳೆಯ ಫೋನಿನ ತಾಮ್ರದ ತಂತಿಯಲ್ಲೇ. ತಾಮ್ರದಲ್ಲಿ ದೂರ ಹೆಚ್ಚಿದಂತೆ ವೇಗ ಕುಸಿಯುತ್ತದೆ. ಎಕ್ಸ್‌ಚೇಂಜಿನಿಂದ ನಾಲ್ಕೈದು ಕಿಲೋಮೀಟರ್ ಆಚೆ ಇದ್ದವರಿಗೆ "ಸಾಧ್ಯವಿಲ್ಲ" ಎಂದರೆ ಅದರಲ್ಲಿ ಅರ್ಥವಿತ್ತು.

ಫೈಬರ್ ವಿಷಯ ಹಾಗಲ್ಲ. ಕೂದಲೆಳೆಯಂಥ ಗಾಜಿನ ಎಳೆಯೊಳಗೆ ಬೆಳಕು 20 ಕಿಲೋಮೀಟರ್ ಸಲೀಸಾಗಿ ಸಾಗುತ್ತದೆ. ಒಂದೇ ಎಳೆಯ ಬೆಳಕನ್ನು 32 ಅಥವಾ 64 ಮನೆಗಳಿಗೆ ಹಂಚಬಹುದು. ಅಂದಮೇಲೆ ಐವತ್ತು ಅಡಿ ದೂರದ ನಿಮ್ಮ ಮನೆ ಬಿಟ್ಟುಹೋದದ್ದು ದೂರದ ಕಾರಣಕ್ಕಲ್ಲ. ಬಹಳ ಸಲ ಅದು ಅನುಮತಿಯ ಕಾರಣಕ್ಕೆ.

ಸಾರ್ವಜನಿಕ ರಸ್ತೆಗೆ ನಗರಪಾಲಿಕೆ ಒಪ್ಪಬೇಕು. ಗೇಟಿನ ಒಳಗೆ ಹೌಸಿಂಗ್ ಸೊಸೈಟಿ ಒಪ್ಪಬೇಕು. ಹಳೆಯ ಪಗಡಿ ಕಟ್ಟಡವಾದರೆ ಮಾಲೀಕರು ಒಪ್ಪಬೇಕು. ಮಾಲೀಕರಿಗೂ ಬಾಡಿಗೆದಾರರಿಗೂ ಕೋರ್ಟಿನಲ್ಲಿ ವ್ಯಾಜ್ಯವಿದ್ದರೆ ಸಹಿ ಹಾಕುವವರು ಯಾರು? 1990ರ ದಶಕದಲ್ಲಿ ಕೇಬಲ್ ಟೀವಿಯವರು ತಾರಸಿಯಿಂದ ತಾರಸಿಗೆ ಎಳೆದ ದಾರಿಯಲ್ಲೇ ಹಲವೆಡೆ ಫೈಬರ್ ಕೂಡ ಬಂತು. ಅಂದು ಆ ದಾರಿಗೆ ಸೇರದ ಕಟ್ಟಡ ಇಂದೂ ಹೊರಗೇ ಉಳಿಯುವುದುಂಟು. ಇನ್ನೊಂದು ಕಾರಣ ತೀರಾ ಸಣ್ಣದು. ಗೋಡೆಯ ಮೇಲಿನ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ 8 ಅಥವಾ 16 ಮನೆಗಳಿಗಷ್ಟೇ ಜಾಗ. ಅದು ತುಂಬಿದ ಮೇಲೆ ಕೇಳಿದವರಿಗೆ "ಇಲ್ಲ"!

ಪರಊರಿಗೆ ಬಂದ ನಮಗೆ ಇದು ಹೆಚ್ಚು ತಟ್ಟುತ್ತದೆ. ಬಾಡಿಗೆದಾರರಿಗೆ ಸೊಸೈಟಿ ಸಭೆಯಲ್ಲಿ ಮತ ಇರುವುದಿಲ್ಲ. 2020ರ ಲಾಕ್‌ಡೌನಿನಲ್ಲಿ ಮಕ್ಕಳ ಪಾಠವೂ ಮನೆಯ ದುಡಿಮೆಯೂ ಒಂದೇ ಮೊಬೈಲಿನ ಮೇಲೆ ನಿಂತಾಗ, ಯಾರೋ ಹಾಕದ ಒಂದು ಸಹಿಯ ಬೆಲೆ ಎಷ್ಟೆಂಬುದು ಹಲವರಿಗೆ ತಿಳಿಯಿತು.

ಕಾನೂನು ನಿಧಾನವಾಗಿ ಬದಲಾಗುತ್ತಿದೆ. ತಂತಿ ಎಳೆಯುವ ಅನುಮತಿಗೆಂದು 2016ರಲ್ಲಿ ನಿಯಮಗಳು ಬಂದವು. 2023ರ ದೂರಸಂಪರ್ಕ ಕಾಯ್ದೆಯಡಿ ರಚಿಸಿದ ಹೊಸ ನಿಯಮಗಳು 2025ರ ಜನವರಿ 1ರಿಂದ ಜಾರಿಗೆ ಬಂದಿವೆ. ಕಟ್ಟಡಗಳಿಗೆ ಡಿಜಿಟಲ್ ಸಂಪರ್ಕದ ಗುಣಮಟ್ಟ ನೋಡಿ ಶ್ರೇಣಿ ಕೊಡುವ ನಿಯಮವನ್ನು ಟ್ರಾಯ್ 2024ರಲ್ಲಿ ತಂದಿತು. ಆದರೂ ಖಾಸಗಿ ಜಾಗದಲ್ಲಿ ಮೊದಲ ಮೆಟ್ಟಿಲು ಇಂದಿಗೂ ಪರಸ್ಪರ ಒಪ್ಪಂದವೇ.

ಆದ್ದರಿಂದ ಮುಂದಿನ ಸಲ "ಸೌಲಭ್ಯ ಇಲ್ಲ" ಎಂದರೆ ಫೋನ್ ಇಟ್ಟುಬಿಡಬೇಡಿ. ಅನುಮತಿ ಇಲ್ಲವೋ, ಪೆಟ್ಟಿಗೆಯಲ್ಲಿ ಜಾಗ ಇಲ್ಲವೋ ಎಂದು ಕೇಳಿ. ಜಾಗದ ಕೊರತೆಯಾದರೆ ನಾಲ್ಕು ಮನೆಯವರು ಸೇರಿ ಇನ್ನೊಂದು ಪೆಟ್ಟಿಗೆಗೆ ಒತ್ತಾಯಿಸಿ. ಅನುಮತಿಯದಾದರೆ ನಿಮ್ಮ ಮನೆ ಮಾಲೀಕರಿಂದ ಸೊಸೈಟಿಗೆ ಒಂದು ಪತ್ರ ಬರೆಸಿ. ಅಂದಿನವರು ಲೈನಿಗಾಗಿ ಕಾದರು. ನಾವು ಕಾಯುತ್ತಿರುವುದು ಒಂದು ಸಹಿಗಾಗಿ, ಅದನ್ನು ಕೇಳಿ ಪಡೆಯಬಹುದು.