ಕೀಚಕನ ಸೋಗು ಯಾರಿಗೆ ಚುಚ್ಚಿತು?

ಗಡಿಯ ಈಚೆಗಿನ ನಮ್ಮ ಕನ್ನಡ ಶಾಲೆಗಳಲ್ಲಿ ಸ್ನೇಹಸಮ್ಮೇಳನ ಬಂತೆಂದರೆ ಮಕ್ಕಳಿಗೆ ಸೋಗು ಹಾಕುವ ಸಡಗರ. ನಾವು ಸೋಗು ಅನ್ನುವುದನ್ನು ಗಡಹಿಂಗ್ಲಜದ ಪೇಟೆಯಲ್ಲಿ ಮರಾಠಿಯವರು ಸೋಂಗ ಅನ್ನುತ್ತಾರೆ. ಇಚಲಕರಂಜಿಯ ಮಗ್ಗದ ಓಣಿಯ ಹುಡುಗರಿಗೂ ಕೊಲ್ಲಾಪುರದ ಹುಡುಗರಿಗೂ ರಾಕ್ಷಸನ ಪಾತ್ರವೇ ಬೇಕು, ರಾಮ ಯಾರಿಗೂ ಬೇಡ! ಆದರೆ ಮಾತು ಬರೆದುಕೊಡಲು ಕೂತ ನಮಗೆ ಈಗೀಗ ಒಂದು ಅಳುಕು. ಇದರಿಂದ ಯಾರಿಗಾದರೂ ಅವಮಾನವಾಯಿತೆಂದರೆ? ಆಯಿತೋ ಇಲ್ಲವೋ ಎಂದು ಹೇಳುವವರಾದರೂ ಯಾರು?

ನೂರು ವರ್ಷಕ್ಕೂ ಹಿಂದೆ ಈ ಪ್ರಶ್ನೆ ನಮ್ಮ ಪಕ್ಕದ ಸಾಂಗಲಿಯಲ್ಲಿ ಹುಟ್ಟಿದ ಒಬ್ಬ ನಾಟಕಕಾರರಿಗೆ ಎದುರಾಗಿತ್ತು. ಅವರು ಕೃ. ಪ್ರ. ಖಾಡಿಲಕರ, ತಿಲಕರ 'ಕೇಸರಿ' ಪತ್ರಿಕೆಯ ಬಳಗದವರು. 1907ರಲ್ಲಿ ಅವರ 'ಕೀಚಕವಧ' ಮರಾಠಿ ರಂಗಭೂಮಿಗೆ ಬಂತು. ಕಥೆ ನಮಗೆಲ್ಲ ಗೊತ್ತಿರುವುದೇ, ಕುಮಾರವ್ಯಾಸನ ವಿರಾಟಪರ್ವದಲ್ಲೂ ಇರುವುದೇ. ಆದರೆ ನೋಡುವವರಿಗೆ ಕೀಚಕನಲ್ಲಿ ಬಂಗಾಳ ಒಡೆದ ಲಾರ್ಡ್ ಕರ್ಜನ್ ಕಂಡ, ದ್ರೌಪದಿಯಲ್ಲಿ ದೇಶ ಕಂಡಿತು. ತಾಳಿಕೋ ಎನ್ನುವ ಧರ್ಮರಾಯ ಮಂದಗಾಮಿಯಾದ, ಭೀಮ ತೀವ್ರಗಾಮಿಯಾದ. ಕರ್ಜನ್ ಹೆಸರು ರಂಗದ ಮೇಲೆ ಒಮ್ಮೆಯೂ ಬರುವುದಿಲ್ಲ. ಆದರೂ 1910ರಲ್ಲಿ ಸರಕಾರ ನಾಟಕವನ್ನು ನಿಷೇಧಿಸಿತು. ನಿಷೇಧಿಸಬೇಕಾದರೆ ಕೀಚಕನೆಂದರೆ ನಮ್ಮ ಸಾಹೇಬರೇ ಎಂದು ಸರಕಾರವೇ ಒಪ್ಪಿಕೊಂಡಂತಾಯಿತಲ್ಲ! ನಮಗೆ ಈ ಪಾಠ ಮಾಡುವಾಗೆಲ್ಲ ನಗು ಬರುತ್ತದೆ.

ಹೀಗೆ ನಿಷೇಧಿಸಲು ಕೈಯಲ್ಲಿದ್ದುದು 1876ರ ನಾಟಕ ಪ್ರದರ್ಶನ ಕಾಯಿದೆ. ಕಲಕತ್ತೆಯಲ್ಲಿ ಬ್ರಿಟಿಷ್ ಯುವರಾಜನ ಭೇಟಿಯನ್ನು ಲೇವಡಿ ಮಾಡಿದ ಒಂದು ಪ್ರಹಸನದ ಸಿಟ್ಟಿನಲ್ಲಿ ಹುಟ್ಟಿದ ಕಾಯಿದೆ ಅದು. ಸ್ವಾತಂತ್ರ್ಯ ಬಂದು ಎಪ್ಪತ್ತು ವರ್ಷವಾದ ಮೇಲೆ, 2018ರಲ್ಲಷ್ಟೇ ಅದು ರದ್ದಾಯಿತು. ಈ ನಡುವೆ ಮಹಾರಾಷ್ಟ್ರದಲ್ಲಿ ನಾಟಕದ ಹಸ್ತಪ್ರತಿಯನ್ನು ಮೊದಲೇ ಓದುವ ಮಂಡಳಿಯೂ ಬಂದಿತ್ತು. 1972ರಲ್ಲಿ ವಿಜಯ ತೆಂಡೂಲ್ಕರರ 'ಸಖಾರಾಮ ಬೈಂಡರ್' ಆಡಿಸಿದ ಕಮಲಾಕರ ಸಾರಂಗ ಅದರ ಕತ್ತರಿಯ ವಿರುದ್ಧ ಕೋರ್ಟಿನ ಮೆಟ್ಟಿಲು ಹತ್ತಿದರು.

ಇದು ಸರಕಾರದ ಕೆಲಸ ಮಾತ್ರ ಎಂದೇನೂ ಅಲ್ಲ. ಅಮೆರಿಕದಲ್ಲಿ ಮೇಜಿನ ಸುತ್ತ ಕೂತು ಯೋಧ, ಮಾಂತ್ರಿಕ ಎಂದು ಪಾತ್ರ ಹಂಚಿಕೊಂಡು ಆಡುವ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಎಂಬ ಆಟ 1974ರಲ್ಲಿ ಬಂತು. ಇದು ಸೈತಾನನ ಪೂಜೆ ಎಂದು ಕೆಲವು ತಾಯಿತಂದೆಯರು ಗದ್ದಲ ಎಬ್ಬಿಸಿದರು. 1989ರ ಆವೃತ್ತಿಯಲ್ಲಿ ಮಾರುವ ಕಂಪನಿಯೇ ದೆವ್ವ, ಪಿಶಾಚಿಗಳ ಹೆಸರು ತೆಗೆದುಹಾಕಿತು. ಆಮೇಲೆ ಅವೇ ಪಿಶಾಚಿಗಳು ಬೇರೆ ಹೆಸರಿಟ್ಟುಕೊಂಡು ವಾಪಸು ಬಂದವು, ಬಿಡಿ.

ನಮ್ಮನ್ನು ನಿಜವಾಗಿ ನಡುಗಿಸಿದ್ದು ಬೀದರ. 2020ರ ಜನವರಿಯಲ್ಲಿ ಅಲ್ಲಿನ ಶಾಹೀನ್ ಶಾಲೆಯ ಸಣ್ಣ ಮಕ್ಕಳು ಪೌರತ್ವ ಕಾಯಿದೆಯ ಬಗ್ಗೆ ಒಂದು ನಾಟಕ ಆಡಿದರು. ಅದರಲ್ಲಿ ಪ್ರಧಾನಿಯವರಿಗೆ ಅವಮಾನವಾಗುವ ಮಾತಿದೆ ಎಂದು ದೂರು ಹೋಯಿತು. ರಾಜದ್ರೋಹದ ಪ್ರಕರಣ ದಾಖಲಾಗಿ ಮುಖ್ಯೋಪಾಧ್ಯಾಯಿನಿಯೂ ಒಂದು ಮಗುವಿನ ತಾಯಿಯೂ ಜೈಲು ಸೇರಿದರು. ಪೊಲೀಸರು ಶಾಲೆಗೆ ಮತ್ತೆ ಮತ್ತೆ ಬಂದು ಮಕ್ಕಳನ್ನು ಕೂರಿಸಿ ಪ್ರಶ್ನೆ ಕೇಳಿದರು. ಸಮವಸ್ತ್ರ ತೊಟ್ಟು, ಶಸ್ತ್ರ ಹಿಡಿದು ಮಕ್ಕಳನ್ನು ಹಾಗೆ ವಿಚಾರಿಸಿದ್ದು ತಪ್ಪೆಂದು 2021ರಲ್ಲಿ ಹೈಕೋರ್ಟು ಹೇಳಿತು. 2023ರ ಜೂನ್‌ನಲ್ಲಿ ಕಲಬುರಗಿ ಪೀಠ ಆಡಳಿತ ಮಂಡಳಿಯವರ ಮೇಲಿನ ಪ್ರಕರಣವನ್ನು ರದ್ದು ಮಾಡಿತು. ಆ ಮಾತು ಬೇಜವಾಬ್ದಾರಿಯದು, ಆದರೆ ರಾಜದ್ರೋಹವಲ್ಲ ಎಂದಿತು. ಅದರ ಜೊತೆಗೆ, ಸರಕಾರದ ನೀತಿಯನ್ನು ಟೀಕಿಸಲು ಮಕ್ಕಳಿಗೆ ಕಲಿಸಬಾರದೆಂದೂ ಶಾಲೆಗಳಿಗೆ ಬುದ್ಧಿ ಹೇಳಿತು.

ಮೊದಲ ಮಾತಿಗೆ ನಮ್ಮ ಕೈಮುಗಿತ. ಎರಡನೆಯದು ಮಾತ್ರ ನಮಗೆ ಜೀರ್ಣವಾಗಿಲ್ಲ. ಖಾಡಿಲಕರ ಧರ್ಮರಾಯ, ಭೀಮರ ವಾದ ಸರಕಾರದ ನೀತಿಯ ಟೀಕೆಯಲ್ಲದೆ ಮತ್ತೇನು? ಅದನ್ನು ಇತಿಹಾಸದ ತಾಸಿನಲ್ಲಿ ಹೆಮ್ಮೆಯಿಂದ ಕಲಿಸಿ, ಗಂಟೆ ಬಾರಿಸಿದ ಕೂಡಲೇ ಮಕ್ಕಳ ಕೈಯಿಂದ ಗದೆ ಕಸಿದುಕೊಳ್ಳುವುದು ಹೇಗೆ?

ಈ ವರ್ಷದ ಸಮ್ಮೇಳನಕ್ಕೆ ನಾವು ಕೀಚಕವಧೆಯನ್ನೇ ಆರಿಸಿದ್ದೇವೆ. ಏಳನೆಯ ಇಯತ್ತೆಯ ಮೂವರು ಕೀಚಕನ ಪಾತ್ರಕ್ಕೆ ಜಗಳವಾಡುತ್ತಿದ್ದಾರೆ.