ಮಾವನ ಎಂಟಡಿ ಜಾಗ

"ಅದು ನನ್ನ ಜಾಗ ಅಂತ ಎಲ್ಲಾದ್ರೂ ಬರೆದಿದೆಯೇನಪ್ಪಾ? ನೀನು ಓದಿರೋನು, ಸ್ವಲ್ಪ ನೋಡಿ ಹೇಳು."

2019ರಲ್ಲಿ ಸೋದರಮಾವ ಕೇಳಿದ ಪ್ರಶ್ನೆ ಇದು. ಚಿಂತಾಮಣಿ ಕಡೆಯ ಒಂದು ಜಾತ್ರೆಯಲ್ಲಿ (ಊರಿನ ಹೆಸರು ಬೇಡ ಬಿಡಿ) ಅವರ ಬಳೆ ಅಂಗಡಿ ಮೂವತ್ತು ವರ್ಷ ಒಂದೇ ಹುಣಸೆಮರದ ಪಕ್ಕ ಇತ್ತು. ಆ ವರ್ಷ ಸುಂಕದ ಹರಾಜು ಹಿಡಿದವರು ಆ ಜಾಗವನ್ನು ಪ್ಲಾಸ್ಟಿಕ್ ಸಾಮಾನಿನವರಿಗೆ ಕೊಟ್ಟುಬಿಟ್ಟರು. ಮಾವ ಗಂಟು ಕೂಡ ಬಿಚ್ಚದೆ ವಾಪಸ್ ಬಂದರು.

ಹುಡುಗನಾಗಿದ್ದಾಗ ಅಂಗಡಿ ಹಾಕೋಕೆ ನಾನೂ ಹೋಗ್ತಿದ್ದೆ. ತೇರಿಗೆ ಎರಡು ದಿನ ಮುಂಚೆಯೇ ಹೋಗಿ ನಾಲ್ಕು ಮೂಲೆಗೆ ನಾಲ್ಕು ಕಲ್ಲು ಇಟ್ಟರೆ ಮುಗೀತು, ಅದು ಮಾವನ ಜಾಗ ಅಂತ ಎಲ್ಲರಿಗೂ ಗೊತ್ತು. ಹಾರೆಯಲ್ಲಿ ಗುಂಡಿ ತೋಡಿ ಗಳ ನೆಡಬೇಕು, ಟಾರ್ಪಾಲು ಎಳೆದು ಕಟ್ಟಬೇಕು. ತೇರಿನ ಹಗ್ಗ ಎಳೆಯೋ ಜನ ಪಕ್ಕಕ್ಕೆ ವಾಲಿದರೆ ಬಳೆಯೆಲ್ಲ ಪುಡಿಪುಡಿ! ಅದಕ್ಕೇ ಮಾವ ಯಾವಾಗಲೂ ಮರವನ್ನು ಅಡ್ಡ ಇಟ್ಟುಕೊಂಡೇ ಅಂಗಡಿ ಹಾಕ್ತಿದ್ದರು. ಇಟ್ಟಿಗೆ ಮೇಲೆ ಹಲಗೆ ಓರೆಯಾಗಿ ಇಟ್ಟು, ಗೋಣಿತಾಟು ಹಾಸಿ, ಹಸಿರು ಗಾಜಿನ ಬಳೆ ಮುಂದೆ, ಬೇರೆ ಬಣ್ಣ ಹಿಂದೆ. ಬೋಣಿ ಆಗೋವರೆಗೆ ಸಾಲದ ಮಾತು ಎತ್ತೋ ಹಾಗಿಲ್ಲ.

ಮಾವನ ಪ್ರಶ್ನೆ ತಲೆಯಲ್ಲಿ ಇಟ್ಟುಕೊಂಡು ಶಾಸನಗಳನ್ನು ನೋಡಲು ಕೂತೆ. ಕೋಲಾರ ಜಿಲ್ಲೆಯ ಶಾಸನಗಳನ್ನು ಬಿ.ಎಲ್. ರೈಸ್ 1905ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಹತ್ತನೇ ಸಂಪುಟವಾಗಿ ಅಚ್ಚು ಹಾಕಿಸಿದರು. ಚಿಂತಾಮಣಿ ತಾಲ್ಲೂಕಿನವೂ ಅದರಲ್ಲಿವೆ (ನಮ್ಮದು ಚಿಕ್ಕಬಳ್ಳಾಪುರ ಜಿಲ್ಲೆ ಆಗಿದ್ದು 2007ರಲ್ಲಿ). ಕನ್ನಡ ನಾಡಿನ ಶಾಸನಗಳಲ್ಲಿ ಸುಂಕದ ಮಾತು ಬೇಕಾದಷ್ಟಿದೆ. ಸಂತೆಯ ಸುಂಕವನ್ನು ದೇವರ ದೀಪಕ್ಕೆ ಬಿಟ್ಟವರು, ಹೇರಿಗೆ ಇಷ್ಟು ಅಂತ ದೇವಸ್ಥಾನಕ್ಕೆ ಕೊಟ್ಟ ಅಯ್ಯಾವೊಳೆ ಐನೂರ್ವರು... ಹನ್ನೆರಡನೇ ಶತಮಾನದ ಶರಣರಲ್ಲಿ ಸುಂಕ ವಸೂಲಿಯ ಬಂಕಣ್ಣನೇ ಇದ್ದಾನೆ. ಸುಂಕ ಬಿಟ್ಟವರ ಹೆಸರಿದೆ, ವಸೂಲಿ ಮಾಡಿದವನ ಹೆಸರಿದೆ. ಕೊಟ್ಟವನು ಯಾರು? ಎಲ್ಲಿ ಕೂತಿದ್ದ?

ಬಳೆ ಮಾಡೋರ ಕಥೆಯೂ ಅಷ್ಟೆ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಹೊಸದುರ್ಗದ ಹತ್ತಿರದ ಮತ್ತೋಡಿನಲ್ಲಿ ಬಳೆಗೆ ಗಾಜು ಕಾಯಿಸೋದನ್ನು ಕೂಲಂಕಷವಾಗಿ ಬರೆದಿದ್ದಾನೆ. ಗಾಜಿನ ಬಣ್ಣಗಳು ಕೂಡ ದಾಖಲಾಗಿವೆ, ಜಾತ್ರೆಯಲ್ಲಿ ಅದನ್ನು ತೊಡಿಸಿದವನ ಹೆಸರಿಲ್ಲ.

ನಮ್ಮ ಸೀಮೆಯಲ್ಲಿ ಹೆಸರು ಉಳಿದ ಬಳೆಗಾರ ಒಬ್ಬರೇ, ಕೈವಾರದ ತಾತಯ್ಯ. ಯೋಗಿ ನಾರೇಯಣ ಯತೀಂದ್ರರು 1726ರಲ್ಲಿ ಹುಟ್ಟಿ 110 ವರ್ಷ ಬದುಕಿದರು ಅಂತ ನಂಬಿಕೆ. ಊರೂರಿಗೆ ಬಳೆಯ ಮಲಾರ ಹೊತ್ತು ತಿರುಗಿ, ಸಾಲ ಕೊಟ್ಟು, ಕೇಳಲಾಗದೆ ಬರಿಗೈಲಿ ಬರ್ತಿದ್ದರಂತೆ. ಗುರುಗಳು ಬಾಯಲ್ಲಿಟ್ಟುಕೋ ಅಂತ ಕೊಟ್ಟ ಕಲ್ಲು ಕಡೆಗೆ ಕಲ್ಲುಸಕ್ಕರೆ ಆಯ್ತು ಅನ್ನೋ ಕಥೆ ಇಲ್ಲಿ ಮಕ್ಕಳಿಗೂ ಗೊತ್ತು. ಆದರೆ ಅವರ ಹೆಸರು ಉಳಿದದ್ದು ಮಲಾರ ಇಳಿಸಿದ ಮೇಲೆ! ಇನ್ನು 'ಮೈಸೂರ ಮಲ್ಲಿಗೆ'ಯ ಚೆನ್ನಯ್ಯನಿಗೆ ಹೆಸರು ಕೊಟ್ಟವರು ಕವಿ.

ಕ್ಯಾಲಿಫೋರ್ನಿಯಾದಲ್ಲಿರೋ ಅಕ್ಕನ ಮಗನಿಗೆ ಇದನ್ನೆಲ್ಲ ಹೇಳಿದರೆ ಅವನು ಅಲ್ಲಿನ 'ರಿನೈಸಾನ್ಸ್ ಫೇರ್' ಕಥೆ ಹೇಳಿದ. 1963ರಲ್ಲಿ ರಾನ್ ಮತ್ತು ಫಿಲಿಸ್ ಪ್ಯಾಟರ್ಸನ್ ದಂಪತಿ ಒಂದು ರೇಡಿಯೋ ಕೇಂದ್ರಕ್ಕೆ ಹಣ ಕೂಡಿಸಲು ಲಾಸ್ ಏಂಜಲೀಸ್‌ನಲ್ಲಿ ಶುರು ಮಾಡಿದ ಜಾತ್ರೆಯಂತೆ. ಅಂಗಡಿಯವರು ಹದಿನಾರನೇ ಶತಮಾನದ ಇಂಗ್ಲೆಂಡಿನ ಬಟ್ಟೆ ತೊಟ್ಟು, ಪ್ಲಾಸ್ಟಿಕ್ ಡಬ್ಬ ಕಾಣದ ಹಾಗೆ ಬಟ್ಟೆ ಮುಚ್ಚಿ ಕೂರಬೇಕು. ಅರ್ಜಿ, ಶುಲ್ಕ, ಕರಾರುಪತ್ರ ಎಲ್ಲ ಉಂಟು. ನಗು ಬಂತು, ಹೊಟ್ಟೆಯುರಿಯೂ ಆಯ್ತು. ಹಳೇ ಕಾಲದ ವೇಷ ಹಾಕಿದವನ ಕೈಯಲ್ಲಿ ಕಾಗದ ಇದೆ, ಹಳೇ ಕಾಲದಿಂದ ಬಂದ ಕಸುಬು ಮಾಡೋ ಮಾವನ ಕೈಯಲ್ಲಿ ಇಲ್ಲ.

ಕಾನೂನು? 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಐವತ್ತು ವರ್ಷ ದಾಟಿದ ಮಾರುಕಟ್ಟೆಯನ್ನು ಪಾರಂಪರಿಕ ಅಂತ ಗುರುತಿಸುತ್ತೆ. ಆದರೆ ಅದು ಪಟ್ಟಣಗಳಿಗೆ. ಹಳ್ಳಿಯ ಜಾತ್ರೆ ಅದರ ಲೆಕ್ಕದಲ್ಲಿಲ್ಲ.

"ಎಲ್ಲೂ ಬರೆದಿಲ್ಲ ಮಾವ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ನೀನೇ ಬರೆದುಬಿಡು" ಅಂತ ನಕ್ಕರು.

ಸರಿ, ಬರೀತೀನಿ. ಹುಣಸೆಮರದ ಮೂಡಲಿಗೆ, ಎಂಟಡಿ ಉದ್ದ, ಆರಡಿ ಅಗಲ. 1989ರಿಂದ 2018ರವರೆಗೆ ಮೂವತ್ತು ಜಾತ್ರೆ ಅಲ್ಲಿ ಬಳೆ ಅಂಗಡಿ ಇತ್ತು. ಕೇಳಿದ ಸುಂಕ ಪ್ರತಿ ವರ್ಷ ಕೊಟ್ಟಿದೆ.

ನಿಮ್ಮೂರ ಜಾತ್ರೆಯಲ್ಲಿ ಯಾರು ಎಲ್ಲಿ ಕೂರ್ತಿದ್ದರು ಅಂತ ನೆನಪಿದ್ದರೆ ನೀವೂ ಬರೆದಿಡಿ...